ಎಂಟು ಗಂಟೆಯ ಅತಿಥಿಗಳು

ಊರಿಗಿಂತ ಹಡಗೇ ದೊಡ್ಡದಾಗಿದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ನಾರ್ವೆ ದೇಶದ ಪಶ್ಚಿಮ ಭಾಗದಲ್ಲಿರುವ ಗೈರಾಂಗರ್ ಎಂಬ ಹಳ್ಳಿಯನ್ನು ನೋಡಬೇಕು. ವರ್ಷವಿಡೀ ಅಲ್ಲಿ ವಾಸಿಸುವವರು ಇನ್ನೂರು ಚಿಲ್ಲರೆ ಜನ. ಬೇಸಿಗೆಯ ಒಂದು ಬೆಳಿಗ್ಗೆ ಆ ಹಳ್ಳಿಯ ಮುಂದೆ ಬಂದು ನಿಲ್ಲುವ ಒಂದೇ ಒಂದು ವಿಹಾರ ನೌಕೆಯಲ್ಲಿ ಮೂರು ಸಾವಿರ ಪ್ರಯಾಣಿಕರಿರುತ್ತಾರೆ. ಕೆಲವು ದಿನ ಇಂತಹ ಎರಡು ಮೂರು ಹಡಗುಗಳು ಒಟ್ಟಿಗೇ ಬರುವುದುಂಟು. ಹಡಗಿನ ಮೇಲಂತಸ್ತಿನಲ್ಲಿ ನಿಂತವನಿಗೆ ಹಳ್ಳಿಯ ಮನೆಗಳೆಲ್ಲ ಬೊಂಬೆ ಹಬ್ಬದ ಮನೆಗಳಂತೆ ಕಾಣುತ್ತವೆ.

ಈ ಪ್ರಯಾಣಿಕರ ಕೈಯಲ್ಲಿ ಇರುವುದು ಏಳೆಂಟು ಗಂಟೆ ಮಾತ್ರ. ಬೆಳಿಗ್ಗೆ ಇಳಿಯುತ್ತಾರೆ, ಸಾಲಾಗಿ ನಿಂತ ಬಸ್ಸುಗಳನ್ನು ಹತ್ತುತ್ತಾರೆ, ಮಾರ್ಗದರ್ಶಿಯ ಮಾತು ಕೇಳುತ್ತ ಕಣಿವೆ, ಜಲಪಾತ, ಹುಲ್ಲುಗಾವಲು, ಹಿಮದ ಬೆಟ್ಟ ಇವನ್ನೆಲ್ಲ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಮರುದಿನ ಬೆಳಿಗ್ಗೆ ಮತ್ತೊಂದು ಊರು. ನೋಡುವವರಿಗೆ ಇದು ಇತ್ತೀಚಿನ ಪ್ರವಾಸೋದ್ಯಮದ ಸೃಷ್ಟಿ ಎನ್ನಿಸಬಹುದು. ಆದರೆ ಈ ‘ಒಂದು ದಿನದ ಪ್ರವಾಸ’ಕ್ಕೆ ನೂರೈವತ್ತು ವರ್ಷಗಳ ಇತಿಹಾಸವಿದೆ. ಇದನ್ನು ಹಡಗು ಕಂಪನಿಗಳಷ್ಟೇ ಕಟ್ಟಲಿಲ್ಲ. ಅಲ್ಲಿನ ರೈತರು, ಅವರ ಕುದುರೆಗಳು, ಬಂಡೆ ಕಡಿದು ರಸ್ತೆ ಮಾಡಿದ ಕೂಲಿಗಳು, ಬೆಟ್ಟದ ಇಳಿಜಾರಿನಲ್ಲಿ ಮೇಯುವ ಆಡುಗಳು, ಎಲ್ಲರೂ ಸೇರಿ ಕಟ್ಟಿದ ವ್ಯವಸ್ಥೆ ಇದು. ಆ ಲೆಕ್ಕದಲ್ಲಿ ಯಾರಿಗೆ ಎಷ್ಟು ಸಂದಿತು, ಯಾರಿಗೆ ಸಲ್ಲಲಿಲ್ಲ ಎಂಬುದು ಇಂದಿಗೂ ತೀರದ ಪ್ರಶ್ನೆ.

ಗೋಡೆಯ ಮೇಲಿನ ಬೇಸಾಯ

ಮೊದಲು ನೆಲದ ಪರಿಚಯ. ಹಿಮಯುಗಗಳಲ್ಲಿ ಹಿಮನದಿಗಳು ಬೆಟ್ಟಗಳನ್ನು ಆಳವಾಗಿ ಕೊರೆದವು. ಹಿಮ ಕರಗಿ ಹಿಂದೆ ಸರಿದಾಗ ಆ ಕಣಿವೆಗಳಿಗೆ ಸಮುದ್ರದ ನೀರು ನುಗ್ಗಿತು. ಹೀಗೆ ಆದ ಉದ್ದನೆಯ, ಇಕ್ಕಟ್ಟಾದ ಕಡಲ ತೋಳುಗಳನ್ನು ಫ್ಯೋರ್ಡ್ ಎನ್ನುತ್ತಾರೆ. ಗೈರಾಂಗರ್ ಫ್ಯೋರ್ಡಿನ ಉದ್ದ ಸುಮಾರು 15 ಕಿಲೋಮೀಟರ್. ಎರಡೂ ಕಡೆ ನೀರಿನಿಂದ ನೆಟ್ಟಗೆ ಮೇಲೆದ್ದ ಬಂಡೆಯ ಗೋಡೆ. ಅದರ ತುದಿಯಲ್ಲಿ ಒಂದಿಷ್ಟು ಇಳಿಜಾರು ನೆಲ. ಅಲ್ಲೇ ಹಳ್ಳಿ, 1842ರಲ್ಲಿ ಕಟ್ಟಿದ ಎಂಟು ಮೂಲೆಯ ಮರದ ಚರ್ಚು, ಹೊಲ, ಹುಲ್ಲುಗಾವಲು.

ಇಡೀ ನಾರ್ವೆಯಲ್ಲಿ ಉಳುಮೆಗೆ ಯೋಗ್ಯವಾದ ನೆಲ ನೂರಕ್ಕೆ ಮೂರರಷ್ಟು ಮಾತ್ರ. ಅದರಲ್ಲೂ ಈ ಭಾಗದಲ್ಲಿ ನೆಲಕ್ಕೆ ಬಂಗಾರದ ಬೆಲೆ. ಬೆಟ್ಟದ ಗೋಡೆಯಲ್ಲಿ ಎಲ್ಲಿ ಒಂದು ತುಂಡು ಚಾಚು ಸಿಕ್ಕಿತೋ ಅಲ್ಲೊಂದು ಮನೆ ಕಟ್ಟಿ ಬೇಸಾಯ ಹೂಡಿದರು. ಸ್ಕಾಗೆಫ್ಲೋ ಎಂಬ ಜಮೀನು ನೀರಿನಿಂದ ಸುಮಾರು 250 ಮೀಟರ್ ಎತ್ತರದಲ್ಲಿ ಗೂಡಿನ ಹಾಗೆ ಅಂಟಿಕೊಂಡಿದೆ. ಅದರ ಎದುರು ದಡದಲ್ಲಿ, ‘ಏಳು ಅಕ್ಕತಂಗಿಯರು’ ಎಂಬ ಜಲಪಾತದ ಪಕ್ಕದಲ್ಲಿ, ಕ್ನಿವ್ಸ್‌ಫ್ಲೋ ಎಂಬ ಇನ್ನೊಂದು ಜಮೀನು. ಉಪ್ಪಿನಿಂದ ಹಿಡಿದು ಒಲೆಯವರೆಗೆ ಎಲ್ಲವನ್ನೂ ದೋಣಿಯಲ್ಲಿ ತಂದು ಬೆನ್ನಮೇಲೆ ಹೊತ್ತು ಏರಿಸಬೇಕು. ಚಿಕ್ಕ ಮಕ್ಕಳು ಪ್ರಪಾತಕ್ಕೆ ಬೀಳದಿರಲೆಂದು ಅವರ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರಂತೆ. ಕಂದಾಯ ವಸೂಲಿಗೆ ಅಧಿಕಾರಿ ಬರುವ ಸುದ್ದಿ ತಿಳಿದರೆ ಸ್ಕಾಗೆಫ್ಲೋದವರು ದಾರಿಯ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು ಎಂಬ ಕಥೆಯನ್ನು ಇಂದಿನ ಮಾರ್ಗದರ್ಶಿಗಳು ತಪ್ಪದೇ ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಕಂದಾಯ ಕಟ್ಟುವ ರೈತನಿಗೆ ಯಾವ ದೇಶದಲ್ಲಾದರೂ ಅದು ಇಷ್ಟವಾಗುವಂಥದ್ದು.

ಕ್ನಿವ್ಸ್‌ಫ್ಲೋದ ಮೇಲೆ ಬಂಡೆಯೊಂದು ಚಾಚಿಕೊಂಡಿತ್ತು. ಅದು ಯಾವಾಗ ಬೀಳುವುದೋ ಎಂಬ ಭಯದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಯವರು ಮನೆ ಬಿಟ್ಟರು. ಸ್ಕಾಗೆಫ್ಲೋ ಬರಿದಾದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. ಹಡಗಿನ ಪ್ರವಾಸಿಗಳು ಬಂದದ್ದೂ, ಬೆಟ್ಟದ ಜಮೀನುಗಳು ಖಾಲಿಯಾದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎಂಬುದನ್ನು ನೆನಪಿನಲ್ಲಿಡೋಣ.

ನೋಡುವುದಕ್ಕೆಂದೇ ಹಡಗು

ಹಡಗು ಹತ್ತುವುದೆಂದರೆ ಹಿಂದೆ ವ್ಯಾಪಾರ, ಯುದ್ಧ, ವಲಸೆ ಅಥವಾ ಯಾತ್ರೆ. ಬರಿದೇ ನೋಡಿ ಬರುವುದಕ್ಕಾಗಿ ಸಮುದ್ರಯಾನ ಮಾಡುವವರು ವಿರಳ. 1835ರಲ್ಲಿ ಶೆಟ್ಲೆಂಡ್ ದ್ವೀಪದ ಆರ್ಥರ್ ಆಂಡರ್ಸನ್ ಎಂಬಾತ ತಾನು ಹೊರಡಿಸಿದ ಪತ್ರಿಕೆಯಲ್ಲಿ ಐಸ್‌ಲೆಂಡ್ ಕಡೆಗಿನ ವಿಹಾರ ಪ್ರಯಾಣವೊಂದರ ಜಾಹೀರಾತು ಹಾಕಿದ. ಅಂತಹ ಹಡಗೂ ಇರಲಿಲ್ಲ, ಪ್ರಯಾಣವೂ ಇರಲಿಲ್ಲ. ಪತ್ರಿಕೆಯ ಜಾಗ ತುಂಬಲು ಬರೆದ ಕಲ್ಪನೆ ಅದು. ಮುಂದೆ ಅದೇ ಆಂಡರ್ಸನ್ ಪಿ ಅಂಡ್ ಓ ಹಡಗು ಕಂಪನಿಯ ಸ್ಥಾಪಕರಲ್ಲಿ ಒಬ್ಬನಾದ. ನಮ್ಮ ದೇಶಕ್ಕೂ ಇಂಗ್ಲೆಂಡಿಗೂ ನಡುವೆ ಟಪಾಲು ಮತ್ತು ಅಧಿಕಾರಿಗಳನ್ನು ಹೊತ್ತು ತಿರುಗುತ್ತಿದ್ದ ಹಡಗುಗಳು ಇದೇ ಕಂಪನಿಯವು. 1844ರಲ್ಲಿ ಈ ಕಂಪನಿ ಕಾದಂಬರಿಕಾರ ಥ್ಯಾಕರೆಗೆ ಪುಕ್ಕಟೆ ಟಿಕೆಟ್ ಕೊಟ್ಟು ಮೆಡಿಟರೇನಿಯನ್ ಸಮುದ್ರ ಸುತ್ತಿಸಿತು. ಕೋಲ್ಕತ್ತದಲ್ಲಿ ಹುಟ್ಟಿದ ಆ ಲೇಖಕ ಪ್ರವಾಸದ ಬಗ್ಗೆ ಒಂದು ಪುಸ್ತಕ ಬರೆದ. ಪುಕ್ಕಟೆ ಪ್ರವಾಸ, ಪ್ರತಿಯಾಗಿ ಪ್ರಚಾರ ಎಂಬ ಪದ್ಧತಿ ಎಷ್ಟು ಹಳೆಯದು ನೋಡಿ.

1867ರಲ್ಲಿ ‘ಕ್ವೇಕರ್ ಸಿಟಿ’ ಎಂಬ ಹಡಗು ಅಮೆರಿಕದ ಪ್ರವಾಸಿಗಳನ್ನು ಹೊತ್ತು ಯೂರೋಪು ಮತ್ತು ಪವಿತ್ರ ಭೂಮಿಗೆ ಐದು ತಿಂಗಳ ಪ್ರಯಾಣ ಮಾಡಿತು. ಅದರಲ್ಲಿದ್ದ ಮಾರ್ಕ್ ಟ್ವೈನ್ 1869ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಸಿಕ್ಕ ಸಿಕ್ಕ ಮಾರ್ಗದರ್ಶಿಗೆಲ್ಲ ಅವನೂ ಅವನ ಗೆಳೆಯರೂ ‘ಫರ್ಗುಸನ್’ ಎಂದೇ ಹೆಸರಿಟ್ಟು ಗೋಳು ಹೊಯ್ದುಕೊಂಡದ್ದನ್ನು ವರ್ಣಿಸಿದ್ದಾನೆ. ಹಡಗಿನಿಂದ ಇಳಿದು, ಗೊತ್ತಿಲ್ಲದ ಊರನ್ನು ಗೊತ್ತಿಲ್ಲದ ಮನುಷ್ಯನ ಹಿಂದೆ ಅವಸರದಲ್ಲಿ ಸುತ್ತುವ ಅನುಭವಕ್ಕೆ ಸಾಹಿತ್ಯದಲ್ಲಿ ಸ್ಥಾನ ಸಿಕ್ಕಿದ್ದು ಹೀಗೆ.

ಅದೇ 1869ರಲ್ಲಿ ಇಂಗ್ಲೆಂಡಿನ ಕ್ವೇಕರ್ ಪಂಥದ ಕೆಲವರು ಒಂದು ವಿಹಾರ ನೌಕೆಯಲ್ಲಿ ಗೈರಾಂಗರಿಗೆ ಬಂದರು. ಹಳ್ಳಿಗೆ ಬಂದ ಮೊದಲ ಪ್ರವಾಸಿ ಹಡಗು ಅದೇ ಎಂದು ಊರವರು ಲೆಕ್ಕ ಹಿಡಿಯುತ್ತಾರೆ. 1875ರಲ್ಲಿ ಥಾಮಸ್ ಕುಕ್ ಕಂಪನಿ ನಡುರಾತ್ರಿಯ ಸೂರ್ಯನನ್ನು ತೋರಿಸಲು ನಾರ್ವೆಯ ಉತ್ತರ ತುದಿಗೆ ಪ್ರವಾಸ ಏರ್ಪಡಿಸಿತು. 1886ರ ಬೇಸಿಗೆಯಲ್ಲಿ ಸ್ಕಾಟ್‌ಲೆಂಡಿನ ಕಂಪನಿಯೊಂದು ‘ಸೇಂಟ್ ರಾಗ್ನವಾಲ್ಡ್’ ಹಡಗಿನಲ್ಲಿ ಹತ್ತು ದಿನಗಳ ಫ್ಯೋರ್ಡ್ ವಿಹಾರ ಆರಂಭಿಸಿತು. ಅದು ಎಷ್ಟು ಜನಪ್ರಿಯವಾಯಿತೆಂದರೆ ಮರುವರ್ಷವೇ ‘ಸೇಂಟ್ ಸುನ್ನಿವಾ’ ಎಂಬ ಹಡಗನ್ನು ವಿಹಾರಕ್ಕೆಂದೇ ಕಟ್ಟಿಸಿ ನೀರಿಗಿಳಿಸಿದರು. 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್, ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಗಿರಾಕಿಗಳಿಲ್ಲದೆ ನಿಂತಿದ್ದ ‘ಆಗಸ್ಟಾ ವಿಕ್ಟೋರಿಯಾ’ ಹಡಗಿನಲ್ಲಿ 241 ಪ್ರಯಾಣಿಕರನ್ನು ಮೆಡಿಟರೇನಿಯನ್ ವಿಹಾರಕ್ಕೆ ಕರೆದೊಯ್ದು ಲಾಭದ ಹೊಸ ದಾರಿ ತೋರಿಸಿದ.

ಇಷ್ಟು ಹಡಗುಗಳು ನಾರ್ವೆಯನ್ನೇ ಏಕೆ ಹುಡುಕಿಕೊಂಡು ಬಂದವು? ಕಾರಣ ಸರಳ. ಉತ್ತರ ಸಮುದ್ರ ದಾಟಿದರೆ ಸಾಕು; ಒಳಗೆ ಫ್ಯೋರ್ಡಿನಲ್ಲಿ ಅಲೆಗಳ ಹೊಡೆತವಿಲ್ಲ, ವಾಂತಿ ಸಂಕಟವಿಲ್ಲ. ನೀರು ದಡದವರೆಗೂ ಆಳವಾಗಿರುವುದರಿಂದ ದೊಡ್ಡ ಹಡಗು ಕೂಡ ಹಳ್ಳಿಯ ಬಾಗಿಲವರೆಗೆ ಬರಬಹುದು. ಮತ್ತೊಂದು ಮುಖ್ಯ ಕಾರಣವಿದೆ. ಈ ಕಣಿವೆಗಳಲ್ಲಿ ನೂರು ಜನರಿಗೆ ಒಮ್ಮೆಗೇ ಊಟ ಹಾಕುವ, ಹಾಸಿಗೆ ಕೊಡುವ ಛತ್ರ, ಹೋಟೆಲು ಇರಲಿಲ್ಲ. ಹಡಗು ತನ್ನ ಅಡುಗೆಮನೆಯನ್ನೂ ಮಲಗುವ ಕೋಣೆಯನ್ನೂ ಜೊತೆಗೇ ತರುತ್ತಿತ್ತು. ಹಳ್ಳಿ ಕೊಡಬೇಕಾದದ್ದು ಕುದುರೆ, ಗಾಡಿ, ದಾರಿ ಮತ್ತು ದಾರಿ ತೋರಿಸುವವನು, ಇಷ್ಟೇ. ಒಂದು ದಿನದ ಪ್ರವಾಸ ಹುಟ್ಟಿದ್ದೇ ಈ ಹಂಚಿಕೆಯಿಂದ. ಊಟ ವಸತಿಯ ಹಣ ಹಡಗಿನಲ್ಲೇ ಉಳಿಯುವುದು, ಗಾಡಿ ಬಾಡಿಗೆ ಹಳ್ಳಿಗೆ ಸೇರುವುದು ಎಂಬ ಲೆಕ್ಕ ಅಂದು ಬಿದ್ದದ್ದು ಇಂದಿಗೂ ಹೆಚ್ಚು ಬದಲಾಗಿಲ್ಲ.

ಬಿಟ್ಟಿಯಿಂದ ಬಾಡಿಗೆಗೆ

ಗಾಡಿ, ಕುದುರೆ ತಕ್ಷಣ ಸಿಕ್ಕಿದ್ದಕ್ಕೂ ಒಂದು ಇತಿಹಾಸವಿದೆ. ನಾರ್ವೆಯಲ್ಲಿ ‘ಶ್ಯುಸ್’ ಎಂಬ ಪುರಾತನ ಪದ್ಧತಿಯಿತ್ತು. ದಾರಿಯಲ್ಲಿ ಹೋಗುವ ಅಧಿಕಾರಿಗಳನ್ನೂ ಇತರ ಪ್ರಯಾಣಿಕರನ್ನೂ ಮುಂದಿನ ನಿಲ್ದಾಣದವರೆಗೆ ಮುಟ್ಟಿಸುವುದು ಆ ದಾರಿಯ ರೈತರ ಕರ್ತವ್ಯ. ಹೊಲದಲ್ಲಿ ಎಷ್ಟೇ ಕೆಲಸವಿದ್ದರೂ ಸರದಿ ಬಂದಾಗ ಕುದುರೆ ಹೂಡಲೇಬೇಕು. ನಮ್ಮಲ್ಲಿ ಸಾಹೇಬರ ಡೇರೆ ಸಾಮಾನು ಸಾಗಿಸಲು ಹಳ್ಳಿಯವರು ಬಂಡಿ ಕೊಡಬೇಕಾಗಿದ್ದ ಬಿಟ್ಟಿ ಚಾಕರಿಯನ್ನು ಇದು ನೆನಪಿಸುತ್ತದೆ. ಆದರೆ ಅಲ್ಲಿ ನಿಗದಿಯಾದ ಬಾಡಿಗೆ ಇತ್ತು. ಪ್ರತಿ ನಿಲ್ದಾಣದಲ್ಲೂ ಒಂದು ದಿನಚರಿ ಪುಸ್ತಕ. ಪ್ರಯಾಣಿಕರು ತಮ್ಮ ಹೆಸರು, ಹೋಗುವ ಊರು, ದೂರುಗಳಿದ್ದರೆ ಅವನ್ನೂ ಅದರಲ್ಲಿ ಬರೆಯಬೇಕು. ದರ ಕಡಿಮೆ, ಕಾಯುವುದು ಹೆಚ್ಚು ಎಂಬ ಗೊಣಗು ರೈತರಲ್ಲಿ ಶತಮಾನಗಳಿಂದ ಇದ್ದೇ ಇತ್ತು.

ಪ್ರವಾಸಿ ಹಡಗುಗಳು ಬಂದಾಗ ಈ ಹಳೆಯ ಹೊರೆಯೇ ವರಮಾನದ ಮೂಲವಾಯಿತು. ಕುದುರೆ ಇತ್ತು, ಗಾಡಿ ಇತ್ತು, ಅಪರಿಚಿತರನ್ನು ಕೂರಿಸಿಕೊಂಡು ಹೋಗುವ ರೂಢಿಯೂ ಇತ್ತು. ‘ಸ್ಟೋಲ್‌ಶಾರೆ’ ಎಂಬ ಎರಡು ಚಕ್ರದ ಗಾಡಿಯಲ್ಲಿ ಮುಂದೆ ಕುರ್ಚಿಯಂಥ ಆಸನದಲ್ಲಿ ಇಬ್ಬರು ಪ್ರವಾಸಿಗಳು. ಹಿಂದೆ ಹಲಗೆಯ ಮೇಲೆ ಕುಳಿತು ಲಗಾಮು ಹಿಡಿದ ರೈತ, ಇಲ್ಲವೇ ಅವನ ಮಗ. ಎಳೆಯುವುದು ಆ ನಾಡಿನದೇ ಆದ ಫ್ಯೋರ್ಡ್ ಕುದುರೆ. ಮಾಸಲು ಹಳದಿ ಮೈ, ಗಿಡ್ಡ ಕಾಲು, ಬಲವಾದ ಕತ್ತು, ಅಂಚಿನಲ್ಲಿ ಬಿಳಿ ನಡುವೆ ಕಪ್ಪು ಗೆರೆಯಿರುವ ನೆಟ್ಟನೆಯ ಕೇಸರ. ಹೊಲ ಉಳುವುದೂ ಅದೇ, ದೊರೆಸಾನಿಯರನ್ನು ಎಳೆಯುವುದೂ ಅದೇ. ಹಡಗು ಬರುವ ದಿನ ಅಕ್ಕಪಕ್ಕದ ಕಣಿವೆಗಳ ರೈತರೂ ಗಾಡಿ ಹೂಡಿಕೊಂಡು ಬಂದು ದಡದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಆ ಸಾಲುಗಳ ಚಿತ್ರಗಳು ಅಂದಿನ ಅಂಚೆ ಕಾರ್ಡುಗಳಲ್ಲಿ ಬೇಕಾದಷ್ಟಿವೆ.

ತೊಡಕೂ ಇತ್ತು. ಪ್ರವಾಸಿಗಳು ಬರುವ ಜುಲೈ, ಆಗಸ್ಟ್ ತಿಂಗಳೇ ಹುಲ್ಲು ಕೊಯ್ದು ಒಣಗಿಸುವ ಕಾಲ. ಚಳಿಗಾಲದಲ್ಲಿ ದನ, ಆಡು ಬದುಕಬೇಕಿದ್ದರೆ ಆ ಕೆಲವೇ ವಾರಗಳಲ್ಲಿ ತಂತಿಗಳ ಮೇಲೆ ಹುಲ್ಲು ಹರವಿ ಒಣಗಿಸಿ ಕೊಟ್ಟಿಗೆ ತುಂಬಬೇಕು. ಬಿಸಿಲಿರುವ ಒಂದು ದಿನ ಗಂಡಸೂ ಕುದುರೆಯೂ ಹಡಗಿನ ಕಡೆ ಹೋದರೆ ಹುಲ್ಲಿನ ಕೆಲಸ ಹೆಂಗಸರು ಮಕ್ಕಳ ಹೆಗಲಿಗೆ. ಪ್ರವಾಸಿಯ ನಾಣ್ಯ ಸುಲಭವಾಗಿ ಬಂದದ್ದಲ್ಲ.

ಆ ಕಾಲದ ಪ್ರಸಿದ್ಧ ದಿನದ ಪ್ರವಾಸ ಗೈರಾಂಗರಿನ ಪಕ್ಕದ ನೊರಾಂಗ್ಸ್‌ಡಾಲ್ ಕಣಿವೆಯದು. ಹಡಗು ಬೆಳಿಗ್ಗೆ ಓಯೆ ಎಂಬ ಹಳ್ಳಿಯಲ್ಲಿ ಪ್ರವಾಸಿಗಳನ್ನು ಇಳಿಸಿ, ಸಮುದ್ರ ಮಾರ್ಗವಾಗಿ ಬೆಟ್ಟವನ್ನು ಬಳಸಿಕೊಂಡು ಹೋಗಿ ಹೆಲ್ಲೆಸಿಲ್ಟ್ ಎಂಬಲ್ಲಿ ಕಾಯುತ್ತಿತ್ತು. ಪ್ರವಾಸಿಗಳು ಗಾಡಿಗಳಲ್ಲಿ ಕಣಿವೆಯನ್ನು ಹಾದು ಸಂಜೆಗೆ ಅಲ್ಲಿ ಹಡಗು ಸೇರುತ್ತಿದ್ದರು. ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುವ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. ಹೆಲ್ಲೆಸಿಲ್ಟಿನಲ್ಲಿ ಇಳಿದವರು ಬಸ್ಸಿನಲ್ಲಿ ಒಳನಾಡು ಸುತ್ತಿ ಗೈರಾಂಗರಿನಲ್ಲಿ ಹಡಗು ಹತ್ತುತ್ತಾರೆ. ನೊರಾಂಗ್ಸ್‌ಡಾಲ್ ದಾರಿಯಲ್ಲಿ ಒಂದು ಸಣ್ಣ ಕೆರೆಯಿದೆ. 1908ರಲ್ಲಿ ಬೆಟ್ಟ ಕುಸಿದು ತೊರೆಗೆ ಅಡ್ಡ ಬಿದ್ದು ಆದ ಕೆರೆ ಅದು. ಬೇಸಿಗೆಯಲ್ಲಿ ದನ ಮೇಯಿಸಲು ರೈತರು ಕಟ್ಟಿಕೊಂಡಿದ್ದ ಹಟ್ಟಿಗಳು ಅದರಲ್ಲಿ ಮುಳುಗಿದವು. ತಿಳಿನೀರಿನಲ್ಲಿ ಗೋಡೆಗಳ ಅಡಿಪಾಯ, ಹಳೆಯ ರಸ್ತೆ ಈಗಲೂ ಕಾಣುತ್ತವೆ.

ರಸ್ತೆ, ಹೋಟೆಲು, ಚಕ್ರವರ್ತಿ

ಗೈರಾಂಗರಿನಿಂದ ಬೆಟ್ಟ ಹತ್ತಿ ಒಳನಾಡಿನ ಗ್ರೊಟ್ಲಿಗೆ ಹೋಗುವ ರಸ್ತೆ ತೆರೆದದ್ದು 1889ರಲ್ಲಿ. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಎತ್ತರಕ್ಕೆ ಹಾವಿನಂತೆ ಸುತ್ತಿ ಸುತ್ತಿ ಏರುವ ದಾರಿ. ಒಂದು ಕಡೆ ರಸ್ತೆ ಬಳಸಿ ಬಂದು ತನ್ನದೇ ಸೇತುವೆಯ ಕೆಳಗೆ ತಾನೇ ನುಸುಳುತ್ತದೆ. ಅದಕ್ಕೆ ‘ಗಂಟು’ ಎಂದೇ ಹೆಸರು. ಗಾಡಿ ಎಳೆಯುವ ಕುದುರೆಗೆ ದಣಿವಾಗದಷ್ಟು ಏರು ಮಾತ್ರ ಇರಬೇಕೆಂಬ ಲೆಕ್ಕದಿಂದ ಮಾಡಿದ ತಿರುವು ಇವು. 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಈ ರಸ್ತೆಗೆ ಚಿನ್ನದ ಪದಕ ಬಂತು. 1891ರಲ್ಲಿ ಗೈರಾಂಗರಿನಲ್ಲೂ ಓಯೆಯಲ್ಲೂ ‘ಯೂನಿಯನ್’ ಎಂಬ ಒಂದೇ ಹೆಸರಿನ ಎರಡು ಹೋಟೆಲುಗಳು ಬಾಗಿಲು ತೆರೆದವು.

ಅದೇ ವರ್ಷಗಳಲ್ಲಿ ನಾರ್ವೆಯ ಯುವಕರು ಗುಂಪು ಗುಂಪಾಗಿ ಅಮೆರಿಕದ ಹಡಗು ಹತ್ತುತ್ತಿದ್ದರು. 1825ರಿಂದ ಒಂದು ಶತಮಾನದಲ್ಲಿ ಆ ದೇಶ ಬಿಟ್ಟು ಹೋದವರು ಎಂಟು ಲಕ್ಷ ಮಂದಿ. ಇಂಗ್ಲೆಂಡಿನ ಶ್ರೀಮಂತರು ಯಾವ ಬೆಟ್ಟಗಳನ್ನು ನೋಡಲು ಹಣ ಕೊಟ್ಟು ಬರುತ್ತಿದ್ದರೋ, ಆ ಬೆಟ್ಟಗಳ ಮಕ್ಕಳು ಅಲ್ಲಿ ಹೊಟ್ಟೆ ತುಂಬುವುದಿಲ್ಲವೆಂದು ಹೊರಡುತ್ತಿದ್ದರು. ಉಳಿದವರಲ್ಲಿ ಕೆಲವರಿಗಾದರೂ ಉಳಿಯಲು ಸಾಧ್ಯವಾದದ್ದರಲ್ಲಿ ಗಾಡಿ ಬಾಡಿಗೆಯ, ಹೋಟೆಲ್ ಕೆಲಸದ ಪಾಲೂ ಇತ್ತು.

ಈ ಪ್ರವಾಸಕ್ಕೆ ರಾಜಮರ್ಯಾದೆ ತಂದವನು ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್. 1889ರಿಂದ 1914ರವರೆಗೆ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ತನ್ನ ವಿಹಾರ ನೌಕೆಯಲ್ಲಿ ಆತ ನಾರ್ವೆಗೆ ಬರುತ್ತಿದ್ದ. ದೊರೆ ಹೋದಲ್ಲಿಗೆ ಪ್ರಜೆಗಳು ಹೋಗುವುದು ಲೋಕರೂಢಿ. ಜರ್ಮನ್ ಹಡಗುಗಳು ಹಿಂದೆಯೇ ಬಂದವು. 1904ರ ಜನವರಿ 23ರಂದು ಗೈರಾಂಗರಿಗೆ ಸಮೀಪದ ಪೇಟೆಯಾದ ಓಲೆಸುಂಡ್ ಬೆಂಕಿಗೆ ಆಹುತಿಯಾದಾಗ ವಿಲ್ಹೆಲ್ಮ್ ಹಡಗುಗಳಲ್ಲಿ ಆಹಾರ, ಔಷಧ, ಕಟ್ಟಡ ಸಾಮಗ್ರಿ ಕಳಿಸಿದ. ಅಂದು ಹೊಸದಾಗಿ ಕಟ್ಟಿದ ಆ ಪೇಟೆ ಇಂದು ತನ್ನ ಕಟ್ಟಡಗಳ ಚೆಲುವಿನಿಂದಲೇ ಪ್ರವಾಸಿಗಳನ್ನು ಸೆಳೆಯುತ್ತಿದೆ. ಅದರ ಒಂದು ಬೀದಿಗೆ ಆತನ ಹೆಸರಿದೆ. 1914ರ ಜುಲೈ ತಿಂಗಳಲ್ಲಿ ಯೂರೋಪು ಯುದ್ಧದ ಅಂಚಿನಲ್ಲಿದ್ದಾಗಲೂ ಆತ ನಾರ್ವೆಯ ಫ್ಯೋರ್ಡಿನಲ್ಲೇ ಇದ್ದ. ಜುಲೈ 25ರಂದು ಅವಸರದಿಂದ ಹೊರಟವನು ಮತ್ತೆ ಬರಲಿಲ್ಲ. ಯುದ್ಧದೊಂದಿಗೆ ವಿಹಾರ ನೌಕೆಗಳೂ ನಿಂತವು. ಹೊರಗಿನವರನ್ನು ನಂಬಿದ ವರಮಾನ ಹೊರಗಿನ ಒಂದು ಘಟನೆಯಿಂದ ರಾತ್ರಿ ಬೆಳಗಾಗುವುದರಲ್ಲಿ ಮಾಯವಾಗಬಲ್ಲದು ಎಂಬುದು ಕಣಿವೆಯವರಿಗೆ ಮೊದಲ ಬಾರಿ ಗೊತ್ತಾಯಿತು. 2020ರಲ್ಲಿ ಕೊರೊನಾ ಕಾಲದ ಬೇಸಿಗೆ ಅದೇ ಪಾಠವನ್ನು ಮತ್ತೆ ಹೇಳಿತು.

ಕುದುರೆಯಿಂದ ಮೋಟಾರಿಗೆ

1920ರ ದಶಕದಲ್ಲಿ ಮೋಟಾರು ಬಂತು. ಗಾಡಿ ಹೊಡೆಯುತ್ತಿದ್ದ ರೈತರಲ್ಲೇ ಹಲವರು ಸಾಲ ಸೋಲ ಮಾಡಿ ದೊಡ್ಡ ಅಮೆರಿಕನ್ ಕಾರುಗಳನ್ನು ಕೊಂಡು ಚಾಲಕರಾದರು. ಮೇಲೆ ತೆರೆದ, ಏಳೆಂಟು ಜನ ಕೂರುವ ಆ ಕಾರುಗಳಲ್ಲಿ ಕೆಲವನ್ನು ಗೈರಾಂಗರಿನ ಯೂನಿಯನ್ ಹೋಟೆಲು ಉಳಿಸಿಕೊಂಡಿದೆ. ಗಾಡಿ ಬಿಟ್ಟವರು ಕಾರಿಗೆ ಬಂದದ್ದರಿಂದ ಬಾಡಿಗೆಯ ಹಣ ಹಳ್ಳಿಯಲ್ಲೇ ಉಳಿಯಿತು ಎಂಬುದು ಗಮನಿಸಬೇಕಾದ ಸಂಗತಿ. 1939ರಲ್ಲಿ 1,476 ಮೀಟರ್ ಎತ್ತರದ ಡಾಲ್ಸ್‌ನಿಬ್ಬಾ ಶಿಖರದವರೆಗೆ ಸುಂಕದ ರಸ್ತೆ ತೆರೆಯಿತು. ಅಲ್ಲಿ ನಿಂತರೆ ಕೆಳಗೆ ಫ್ಯೋರ್ಡು, ಅದರಲ್ಲಿ ತಾನು ಬಂದ ಹಡಗು ಬೆಂಕಿಪೊಟ್ಟಣದಷ್ಟು. ಮರುವರ್ಷವೇ ಜರ್ಮನ್ ಸೈನ್ಯ ನಾರ್ವೆಯನ್ನು ಆಕ್ರಮಿಸಿತು.

ಇನ್ನೊಂದು ಸೋಜಿಗ ಹೇಳಬೇಕು. ಹಳೆಯ ರಸ್ತೆ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ. ಆದ್ದರಿಂದ ಜಗತ್ತಿನ ಶ್ರೀಮಂತರೆಲ್ಲ ಬಂದು ಹೋದ ಈ ಹಳ್ಳಿಯವರಿಗೆ ಚಳಿಗಾಲದ ತಿಂಗಳುಗಳಲ್ಲಿ ದೋಣಿಯೇ ಗತಿಯಾಗಿತ್ತು. ಹನ್ನೊಂದು ಹಿಮ್ಮುರಿ ತಿರುವುಗಳ ‘ಹದ್ದಿನ ದಾರಿ’ 1955ರಲ್ಲಿ ತೆರೆದ ಮೇಲಷ್ಟೇ ವರ್ಷವಿಡೀ ಹೊರಜಗತ್ತಿಗೆ ರಸ್ತೆ ಸಂಪರ್ಕ ಬಂತು. ಪ್ರವಾಸಿಗೆ ರಸ್ತೆ 1889ರಲ್ಲೇ ಇತ್ತು. ಜನವರಿಯಲ್ಲಿ ಕಾಯಿಲೆ ಬಿದ್ದ ಹಳ್ಳಿಯವನಿಗೆ ಅದು ಸಿಗಲು ಇನ್ನೂ ಅರವತ್ತಾರು ವರ್ಷ ಕಾಯಬೇಕಾಯಿತು.

ದಕ್ಷಿಣಕ್ಕಿರುವ ಫ್ಲೋಮ್ ಎಂಬ ಹಳ್ಳಿಯ ಕಥೆ ಸ್ವಲ್ಪ ಬೇರೆ. ಅಲ್ಲಿಂದ 866 ಮೀಟರ್ ಎತ್ತರದ ಮಿರ್ಡಾಲಿಗೆ ಇಪ್ಪತ್ತು ಕಿಲೋಮೀಟರ್ ಉದ್ದದ ರೈಲು ದಾರಿಯಿದೆ. ಹದಿನೆಂಟು ಮೀಟರಿಗೆ ಒಂದು ಮೀಟರಿನಂತೆ ಏರುವ ಈ ದಾರಿಯಲ್ಲಿ ಇಪ್ಪತ್ತು ಸುರಂಗಗಳು. ಹದಿನೆಂಟನ್ನು ಕೂಲಿಗಳು ಕೈಯಿಂದಲೇ ಕೊರೆದರು. 1920ರ ದಶಕದಲ್ಲಿ ಆರಂಭವಾದ ಕೆಲಸ ಮುಗಿದು ರೈಲು ಓಡಿದ್ದು 1940ರಲ್ಲಿ. ಫ್ಯೋರ್ಡಿನ ಹಳ್ಳಿಗಳನ್ನು ಬರ್ಗನ್ ರೈಲು ಮಾರ್ಗಕ್ಕೆ ಜೋಡಿಸುವುದು ಇದರ ಉದ್ದೇಶವಾಗಿತ್ತು. ಮುಂದೆ ರಸ್ತೆಗಳಾದ ಮೇಲೆ ಊರವರಿಗೆ ಇದರ ಅಗತ್ಯ ಕಡಿಮೆಯಾಗಿ, 1990ರ ದಶಕದಲ್ಲಿ ಮುಚ್ಚುವ ಮಾತೂ ಬಂತು. ಉಳಿಸಿದ್ದು ಪ್ರವಾಸಿಗಳು. ಇಂದು ಹಡಗಿನಿಂದ ಇಳಿದವರು ಈ ರೈಲಿನಲ್ಲಿ ಏರಿ, ಷೋಸ್‌ಫೋಸ್ಸೆನ್ ಜಲಪಾತದ ಎದುರು ಐದು ನಿಮಿಷ ನಿಂತು, ಕಾಡಿನ ಮೋಹಿನಿಯ ವೇಷ ತೊಟ್ಟ ಹುಡುಗಿಯೊಬ್ಬಳು ಸಂಗೀತಕ್ಕೆ ಕುಣಿಯುವುದನ್ನು ನೋಡಿ ಬರುತ್ತಾರೆ.

ಇಂದಿನ ಎಂಟು ಗಂಟೆ

ಈಗಿನ ದಿನದ ಪ್ರವಾಸ ಗಡಿಯಾರದ ಯಂತ್ರದಂತೆ ನಡೆಯುತ್ತದೆ. ಟಿಕೆಟ್ಟು ಹಡಗಿನಲ್ಲೇ, ತಿಂಗಳುಗಳ ಮೊದಲೇ ಮಾರಾಟವಾಗಿರುತ್ತದೆ. ಹಡಗು ಕಂಪನಿ ತನ್ನ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ದಡದ ಏಜೆಂಟರಿಗೆ, ಬಸ್ಸಿನವರಿಗೆ, ಮಾರ್ಗದರ್ಶಿಗಳಿಗೆ ಕೊಡುತ್ತದೆ. ಪ್ರಯಾಣಿಕರ ಎದೆಯ ಮೇಲೆ ಬಸ್ಸಿನ ನಂಬರಿನ ಚೀಟಿ. ಮಾರ್ಗದರ್ಶಿ ಕೋಲಿನ ತುದಿಯ ಫಲಕ ಎತ್ತಿ ಹಿಡಿದು, ತಲೆ ಎಣಿಸಿ ಹೊರಡುತ್ತಾನೆ. ಹಡಗಿನ ಟಿಕೆಟ್ಟು ಕೊಂಡವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ತಿರುಗಾಡಲು ಹೋದವರಿಗೆ ಕಾಯುವುದಿಲ್ಲ. ಈ ಒಂದು ಭಯವೇ ಎಷ್ಟೋ ಜನರನ್ನು ಹಡಗಿನ ಟಿಕೆಟ್ಟಿನ ಕಡೆಗೆ ತಳ್ಳುತ್ತದೆ. ಹಿಂದೆ ದೊಡ್ಡ ಹಡಗುಗಳು ಫ್ಯೋರ್ಡಿನ ನಡುವೆ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಸಾಗಿಸುತ್ತಿದ್ದವು. 2013ರಲ್ಲಿ ಗೈರಾಂಗರಿನಲ್ಲಿ ತೇಲುವ ನಡೆದಾರಿಯೊಂದನ್ನು ಅಳವಡಿಸಿದರು. ಬೇಕಾದಾಗ ಹಡಗಿನವರೆಗೆ ಚಾಚಬಹುದು, ಬೇಡವಾದಾಗ ದಡಕ್ಕೆ ಮಡಿಸಬಹುದು. ಹಳ್ಳಿಯ ಅಂಚಿನಲ್ಲಿ ಕಾಂಕ್ರೀಟಿನ ದೊಡ್ಡ ಧಕ್ಕೆ ಕಟ್ಟುವುದು ಇದರಿಂದ ತಪ್ಪಿತು.

2005ರಲ್ಲಿ ಯುನೆಸ್ಕೊ ಗೈರಾಂಗರ್ ಮತ್ತು ನೆರೋಯ್ ಫ್ಯೋರ್ಡುಗಳನ್ನು ವಿಶ್ವ ಪರಂಪರೆಯ ತಾಣಗಳೆಂದು ಸಾರಿತು. ಹೆಸರು ಹರಡಿದಷ್ಟೂ ಹಡಗುಗಳು ಹೆಚ್ಚಿದವು; ಹೆಚ್ಚಿದಷ್ಟೂ ಹೊಗೆ ಹೆಚ್ಚಿತು. ಎತ್ತರದ ಗೋಡೆಗಳ ನಡುವೆ ಗಾಳಿಯಾಡದ ದಿನಗಳಲ್ಲಿ ಹಡಗಿನ ಚಿಮಣಿಯ ಹೊಗೆ ಮೇಲೇರದೆ ನೀಲಿ ಮಸುಕಾಗಿ ಕಣಿವೆಯಲ್ಲೇ ನಿಲ್ಲುತ್ತಿತ್ತು. ಶುದ್ಧ ಗಾಳಿಗೆಂದು ಬಂದವರೇ ಗಾಳಿ ಕೆಡಿಸಿದಂತಾಯಿತು. ನಾರ್ವೆಯ ಸಂಸತ್ತು 2018ರಲ್ಲಿ, ಪರಂಪರೆಯ ಫ್ಯೋರ್ಡುಗಳೊಳಗೆ ಹೊಗೆಯುಗುಳುವ ಹಡಗುಗಳಿಗೆ ಪ್ರವೇಶವಿರಬಾರದೆಂಬ ಗುರಿ ಇಟ್ಟಿತು. ಅದರಂತೆ ರೂಪಿಸಿದ ನಿಯಮದಲ್ಲಿ ಹತ್ತು ಸಾವಿರ ಟನ್ನಿಗಿಂತ ಚಿಕ್ಕ ಪ್ರಯಾಣಿಕ ಹಡಗುಗಳಿಗೆ 2026ರ ಜನವರಿ 1 ಗಡುವಾದರೆ, ದೊಡ್ಡವುಗಳಿಗೆ 2032ರವರೆಗೆ ಅವಕಾಶ ಸಿಕ್ಕಿದೆ. ಚಿಕ್ಕವರಿಗೆ ಮೊದಲು ಕಟ್ಟಳೆ, ದೊಡ್ಡವರಿಗೆ ಆಮೇಲೆ ಎಂಬ ಟೀಕೆ ಸಹಜ. ಆದರೆ ಸ್ಥಳೀಯ ಬಸ್ಸು, ಅಂಗಡಿ, ಹೋಟೆಲುಗಳವರಿಗೆ ಹಡಗುಗಳು ಒಮ್ಮೆಲೇ ನಿಂತರೆ ಗತಿಯೇನು ಎಂಬ ಚಿಂತೆಯೂ ಅಷ್ಟೇ ಸಹಜ.

ಬೆಟ್ಟದ ಭಯವೂ ತಪ್ಪಿಲ್ಲ. 1934ರ ಏಪ್ರಿಲ್ 7ರಂದು ಪಕ್ಕದ ತಾಫ್ಯೋರ್ಡಿನಲ್ಲಿ ಬಂಡೆ ಕುಸಿದು ನೀರಿಗೆ ಬಿದ್ದು ಎದ್ದ ಅಲೆಗೆ 40 ಜನ ಸತ್ತರು. ಇಂದು ಓಕರ್ನೆಸೆಟ್ ಎಂಬ ಬೆಟ್ಟದ ದೊಡ್ಡ ಭಾಗ ನಿಧಾನವಾಗಿ ಜಾರುತ್ತಿದೆ. ವಿಜ್ಞಾನಿಗಳು ಹಗಲಿರುಳು ಉಪಕರಣಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದಾರೆ. ಅದು ಬಿದ್ದರೆ ಅಲೆ ಗೈರಾಂಗರ್ ಮುಟ್ಟಲು ಹತ್ತು ನಿಮಿಷದ ಆಸುಪಾಸು ಸಾಕು. ಮೂರು ಸಾವಿರ ಅತಿಥಿಗಳಿರುವ ದಿನ ಊರನ್ನು ತೆರವು ಮಾಡುವುದು ಹೇಗೆ ಎಂಬುದೂ ಈಗ ಆತಿಥ್ಯದ ಒಂದು ಭಾಗ.

ನೋಟವನ್ನು ಕಾಯುವವರು

ಪ್ರವಾಸಿ ತಾನು ಪ್ರಕೃತಿಯನ್ನು ನೋಡಿದೆ ಎಂದುಕೊಳ್ಳುತ್ತಾನೆ. ಬಂಡೆ, ಹಿಮ, ಜಲಪಾತ ಪ್ರಕೃತಿಯದು ಸರಿ. ಆದರೆ ಕಣ್ಣಿಗೆ ತಂಪಾಗಿ ಹರಡಿದ ಹುಲ್ಲುಗಾವಲು, ಅದರ ನಡುವಿನ ಮರದ ಮನೆ, ದೂರದವರೆಗೆ ತೆರೆದ ನೋಟ, ಇವು ತಲೆಮಾರುಗಳ ದುಡಿಮೆಯ ಫಲ. ಆಡು ಮೇಯುವುದು ನಿಂತರೆ, ಹುಲ್ಲು ಕೊಯ್ಯುವವರಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಪೊದೆ ಬೆಳೆದು, ಗಿಡ ಮರವಾಗಿ, ನೋಟವೇ ಮುಚ್ಚಿಹೋಗುತ್ತದೆ. ಬೇಸಾಯ ಬಿಡುವವರು ಹೆಚ್ಚಿದಂತೆ ಆ ಭಾಗದಲ್ಲಿ ಆಗುತ್ತಿರುವುದೂ ಇದೇ. ಆದ್ದರಿಂದ ಪರಂಪರೆಯ ಪ್ರದೇಶದಲ್ಲಿ ದನ, ಆಡು ಮೇಯಿಸುವ, ಹುಲ್ಲು ಕೊಯ್ಯುವ ರೈತರಿಗೆ ಸರ್ಕಾರ ವಿಶೇಷ ಸಹಾಯಧನ ಕೊಡುತ್ತಿದೆ. 1975ರಲ್ಲಿ ಹುಟ್ಟಿದ ‘ಸ್ಟೋರ್‌ಫ್ಯೋರ್ಡಿನ ಗೆಳೆಯರು’ ಎಂಬ ಸಂಘ ಸ್ಕಾಗೆಫ್ಲೋದಂಥ ಬಿಟ್ಟುಹೋದ ಮನೆಗಳನ್ನು ಜೋಪಾನ ಮಾಡುತ್ತಿದೆ. 1993ರಲ್ಲಿ ನಾರ್ವೆಯ ದೊರೆ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ ಬೆಳ್ಳಿ ಹಬ್ಬವನ್ನು ಆಚರಿಸಿಕೊಂಡದ್ದು ಅದೇ ಸ್ಕಾಗೆಫ್ಲೋದಲ್ಲಿ. ಬಡವರು ಬಿಟ್ಟುಹೋದ ಅಂಗಳದಲ್ಲಿ ರಾಜರ ಔತಣ!

ಹಡಗಿನ ಮೇಲಂತಸ್ತಿನ ನೋಟಕ್ಕೆ ಕೊಟ್ಟ ಬೆಲೆಯಲ್ಲಿ ಆ ಆಡಿನ ಒಡೆಯನಿಗೆ ಪಾಲೆಷ್ಟು? ಗಾಡಿಯ ಕಾಲದಲ್ಲಿ ನೋಟ ಕಾಯುವವನೂ ಗಾಡಿ ಹೊಡೆಯುವವನೂ ಒಬ್ಬನೇ ಆಗಿದ್ದ. ಹುಲ್ಲಿನಿಂದ ಬಾರದ ಹಣ ಬಾಡಿಗೆಯಿಂದ ಬರುತ್ತಿತ್ತು. ಈಗ ಬಸ್ಸು ಬೇರೆ ಊರಿನದು, ಮಾರ್ಗದರ್ಶಿ ಬೇರೆ ದೇಶದ ವಿದ್ಯಾರ್ಥಿಯಿರಬಹುದು, ಊಟ ಹಡಗಿನದು. ಎರಡೂ ಕೆಲಸಗಳ ನಡುವಿನ ಆ ಕೊಂಡಿ ಸಡಿಲವಾಗಿದೆ. ಪ್ರವಾಸಿಗಳ ಒತ್ತಡವಿರುವ ಊರುಗಳು ತಂಗುವವರಿಂದಲೂ ವಿಹಾರ ನೌಕೆಗಳಿಂದಲೂ ಶುಲ್ಕ ಪಡೆಯಲು ಅವಕಾಶ ಮಾಡುವ ಕಾನೂನಿಗೆ ಅಲ್ಲಿನ ಸಂಸತ್ತು 2025ರಲ್ಲಿ ಒಪ್ಪಿಗೆ ಕೊಟ್ಟಿರುವುದು ಆ ಕೊಂಡಿಯನ್ನು ಮತ್ತೆ ಬಿಗಿಯುವ ಒಂದು ಪ್ರಯತ್ನ.

ಈ ಮಾತು ನಮಗೆ ತೀರ ದೂರದ್ದಲ್ಲ. ನವಮಂಗಳೂರು ಬಂದರಿಗೂ ಚಳಿಗಾಲದ ತಿಂಗಳುಗಳಲ್ಲಿ ವಿಹಾರ ನೌಕೆಗಳು ಬರುತ್ತವೆ. ಇಳಿದವರನ್ನು ಬಸ್ಸುಗಳು ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ 42 ಅಡಿ ಎತ್ತರದ ಗೊಮ್ಮಟನ ಬೆಟ್ಟಕ್ಕೆ, ಗೇರುಬೀಜದ ಕಾರ್ಖಾನೆಗೆ ಕರೆದೊಯ್ದು ಸಂಜೆಗೆ ಮರಳಿಸುತ್ತವೆ. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ನೋಡುವುದು ಗದ್ದೆ, ಅಡಿಕೆ ತೋಟ, ಹೆಂಚಿನ ಮನೆ. ಆ ಗದ್ದೆಗಳನ್ನು ಉಳುವವರು ಕಡಿಮೆಯಾಗುತ್ತಿದ್ದಾರೆ ಎಂಬುದು ಕರಾವಳಿಯವರಿಗೆ ಹೇಳಬೇಕಾದ ಸುದ್ದಿಯಲ್ಲ. ಬಸದಿಯನ್ನು ಕಾಯಲು ಇಲಾಖೆಗಳಿವೆ, ಟಿಕೆಟ್ಟುಗಳಿವೆ. ದಾರಿಯ ಎರಡೂ ಬದಿಯ ಹಸಿರನ್ನು ಕಾಯುವವನು ರೈತ ಮಾತ್ರ. ಅವನಿಗೆ ಅಲ್ಲಿ ಬದುಕು ನಡೆದರೆ ನೋಟವೂ ಉಳಿಯುತ್ತದೆ. ಗೈರಾಂಗರಿನವರು ನೂರೈವತ್ತು ವರ್ಷ ಅತಿಥಿಗಳನ್ನು ಕಂಡ ಮೇಲೆ ಕಲಿತದ್ದು ಇದನ್ನೇ. ನಮ್ಮಲ್ಲಿ ಹಡಗುಗಳಿನ್ನೂ ಕೆಲವೇ, ಕಲಿಯಲು ಸಮಯವಿದೆ.